ಉತ್ತರಕ್ಕೆ ಮಂಚ

ನನ್ನ ಅಂಗಡಿಯ ಬೆಂಚಿನ ಮೇಲೆ ಒಂದು ಸಲವೂ ಕೂರದ ಗಿರಾಕಿ ಎಂದರೆ ಅವರೊಬ್ಬರೇ. ದೇವನಹಳ್ಳಿಯ ತಾಲ್ಲೂಕು ಕಚೇರಿಯ ಎದುರು, ಜೆರಾಕ್ಸ್ ಅಂಗಡಿಗೂ ಎಳನೀರಿನ ಗಾಡಿಗೂ ನಡುವೆ ಇರುವ ಹತ್ತಡಿ ಜಾಗ ನನ್ನದು. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಗುತ್ತಿಗೆ ಕರಾರು, ಯಾವುದು ಬೇಕಾದರೂ ಬರೆದುಕೊಡುತ್ತೇನೆ. ನಮ್ಮ ಮಾವನವರು ಮಸಿ ಕುಡಿಕೆ ಇಟ್ಟುಕೊಂಡು ಶುರುಮಾಡಿದ ಕಸುಬು, ನನ್ನ ಕೈಗೆ ಬರುವ ಹೊತ್ತಿಗೆ ಕಂಪ್ಯೂಟರ್ ಆಗಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಕ್ಕಪಕ್ಕದ ಅಂಗಡಿಯವರು ಹೇಳುತ್ತಾರೆ. ಸುಳ್ಳೇನಲ್ಲ. ಅಣ್ಣತಮ್ಮಂದಿರು ಒಂದು ಗುಂಟೆಗಾಗಿ ಕಚ್ಚಾಡುವುದನ್ನು ದಿನವಿಡೀ ಕೇಳಿಸಿಕೊಂಡು ಕೂತರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಅವರು ಬಂದು ಬಾಗಿಲ ಪಕ್ಕ ನಿಂತರೆ ಮಾತ್ರ ನನ್ನ ಕೈ ತಾನಾಗಿಯೇ ನಿಧಾನವಾಗುತ್ತಿತ್ತು. ಒಂದು ಕಾಲಿನ ಮೇಲೆ ಭಾರ ಬಿಟ್ಟು, ಇನ್ನೊಂದನ್ನು ಸಡಿಲ ಮಾಡಿ, ಕಣ್ಣು ಅರ್ಧ ಮುಚ್ಚಿ ನಿಂತಿರುತ್ತಿದ್ದರು. ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡರೆ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಬರುತ್ತಿತ್ತು. ಹೂಜಿಯ ನೀರು ಕುಡಿಯಲು ನನ್ನ ಕುರ್ಚಿಯ ಹಿಂದೆ ಹೋಗಬೇಕಾದಾಗ ನಾಲ್ಕು ಹೆಜ್ಜೆ ದೂರದಿಂದಲೇ ಮೆಲ್ಲಗೆ ಹೇಳುತ್ತಿದ್ದರು.

"ಹಿಂದೆ ಇದೀನಮ್ಮ."

ಇದೇನು ವಿಚಿತ್ರ ಎಂದು ಮೊದಲ ದಿನವೇ ಕೇಳಿಬಿಟ್ಟೆ. ಅವರು ನೀರು ಕುಡಿದು, ಲೋಟ ಬೋರಲು ಹಾಕಿ, ಆಮೇಲೆ ಹೇಳಿದರು.

"ನಲವತ್ತು ವರ್ಷ ಕುದುರೆ ಲಾಯದಲ್ಲಿದ್ದೋನು ಕಣಮ್ಮ. ಹೇಳ್ದೆ ಹಿಂದೆ ಹೋದ್ರೆ ಕುದುರೆ ಒದೀತದೆ. ಮನುಷ್ಯರೂ ಒದೀತಾರೆ, ಸ್ವಲ್ಪ ತಡವಾಗಿ."

ಅವರ ಹೆಸರು ಪತ್ರದಲ್ಲಿದೆ, ಇಲ್ಲಿ ಬೇಡ. ನಮ್ಮ ಸಾಲಿನವರೆಲ್ಲ ಅವರನ್ನು ಕುದುರೆ ತಾತ ಎನ್ನುತ್ತಿದ್ದರು. ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು. ನನಗೆ ಸುದ್ದಿ ತಲುಪಿದ್ದು ದೀಪಾವಳಿ ಹತ್ತಿರ ಬಂದಾಗ. ಅಂದಿನಿಂದ ಅವರನ್ನು ಕುರಿತು ಬರೆಯಬೇಕೆಂದು ಕೂರುತ್ತೇನೆ, ಏಳುತ್ತೇನೆ. ಅವರ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ಹೇಳದೆ ಬರೆದರೆ ಅದು ಬರೀ ಹೊಗಳಿಕೆಯಾಗುತ್ತದೆ.

ದೊಡ್ಡಬಳ್ಳಾಪುರದ ಕಡೆ ರೇಸ್ ಕುದುರೆಗಳನ್ನು ಹುಟ್ಟಿಸಿ ಬೆಳೆಸುವ ಒಂದು ಫಾರಂ ಇತ್ತು. ಅವರು ಹುಡುಗನಾಗಿ ಅಲ್ಲಿಗೆ ಸೇರಿ ಮುದುಕನಾಗುವ ತನಕ ದುಡಿದರು. ಮಾಲೀಕರು ಫಾರಂ ಮುಚ್ಚಿ ಜಮೀನನ್ನು ಲೇಔಟಿಗೆ ಕೊಟ್ಟಾಗ ಕುದುರೆಗಳೆಲ್ಲ ಮಾರಾಟವಾದವು. ಒಂದು ಮಾತ್ರ ಉಳಿಯಿತು. ಅದರ ಕೊನೆಯ ಮರಿ ಸತ್ತೇ ಹುಟ್ಟಿತ್ತು, ಆಮೇಲೆ ಎರಡು ವರ್ಷ ಗಬ್ಬ ನಿಂತಿರಲಿಲ್ಲ. ಯಾರೂ ಕೇಳದ ಆ ಹೆಣ್ಣು ಕುದುರೆಯನ್ನು ಅವರು ಕೇಳಿದರು, ಮಾಲೀಕರು ಅದರ ಗುರುತಿನ ಕಾಗದ ಸಮೇತ ಕೊಟ್ಟರು. ಅದರ ಪಾಸ್‌ಪೋರ್ಟಿನಲ್ಲಿ ಮೂರು ಮಾತಿನ ಇಂಗ್ಲಿಷ್ ಹೆಸರಿತ್ತು. ಅವರು ಕರೆಯುತ್ತಿದ್ದದ್ದು ಅಮ್ಮಣ್ಣಿ ಎಂದು. ಕುಂದಾಣದ ಹತ್ತಿರ ಹೆಂಡತಿಯ ಕಡೆಯಿಂದ ಬಂದ ಅರ್ಧ ಎಕರೆ, ಅದರಲ್ಲೊಂದು ಶೀಟಿನ ಮನೆ ಅವರಿಗಿತ್ತು. ಹೆಂಡತಿ ಇರಲಿಲ್ಲ. ಮಗಳು ಇಲ್ಲೇ ಪಕ್ಕದ ವಿಜಯಪುರದಲ್ಲಿ ಟೈಲರಿಂಗ್ ಮಾಡಿಕೊಂಡಿದ್ದಳು. ಅವರೂ ಅಮ್ಮಣ್ಣಿಯೂ ಕುಂದಾಣದಲ್ಲೇ ಇದ್ದುಬಿಟ್ಟರು.

ಹೀಗಿರುವಾಗ ಅಮ್ಮಣ್ಣಿಯ ಹಳೆಯ ಮರಿಯೊಂದು ಎಲ್ಲೋ ರೇಸಿನಲ್ಲಿ ಗೆದ್ದಿತಂತೆ. ಜಡಿಗೇನಹಳ್ಳಿ ಕಡೆಯ ಇನ್ನೊಂದು ಫಾರಮಿನ ಮ್ಯಾನೇಜರು ತಾಯಿಯನ್ನು ಹುಡುಕಿಕೊಂಡು ಕುಂದಾಣಕ್ಕೆ ಬಂದ. ಮಾರಿಬಿಡಿ ಎಂದ. ಇವರು ಮಾರುವುದಿಲ್ಲ ಎಂದರು. ಹಾಗಾದರೆ ಒಂದು ಮರಿಗೆ ಗುತ್ತಿಗೆ ಕೊಡಿ, ಹುಟ್ಟುವ ಮರಿ ನಮ್ಮದು, ತಾಯಿಯನ್ನು ನಿಮಗೆ ವಾಪಸ್ ಕಳಿಸುತ್ತೇವೆ ಎಂದ. ಅದಕ್ಕೆ ಒಪ್ಪಿಕೊಂಡು, ಮ್ಯಾನೇಜರು ಕೊಟ್ಟ ಇಂಗ್ಲಿಷ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ನನ್ನ ಹತ್ತಿರ ಬಂದಿದ್ದರು.

"ಮಾರೋಕೆ ಇಷ್ಟ ಇಲ್ದೋರು ಗುತ್ತಿಗೆಗೆ ಯಾಕೆ ಕೊಡ್ತೀರಿ?" ಎಂದೆ. ನನ್ನ ಬಾಯಿ ಹಾಗೆ.

"ಈವತ್ತಿಗೂ ಸಂಜೆಯಾದ್ರೆ ಮೂಗಲ್ಲೇ ಸಣ್ಣಗೆ ಸದ್ದು ಮಾಡ್ತಾಳಮ್ಮ. ಮರಿ ಕರೆಯೋ ಸದ್ದು ಅದು. ಮರಿ ಇಲ್ಲ, ಕರೀತಾಳೆ. ಒಂದು ಸಲ ಅವಳ ಪಕ್ಕ ಮರಿ ನಿಂತಿದ್ದು ನೋಡ್ಬೇಕು. ಆಮೇಲೆ ಅವಳು ವಾಪಸ್ ಬಂದು ಅವಳ ಜಾಗದಲ್ಲೇ ಸಾಯ್ಬೇಕು. ಈ ಎರಡು ಮಾತು ಇದ್ರೆ ಸಾಕು, ಬಾಕಿ ಏನು ಬೇಕಾದ್ರೂ ಬರ್ಕೊಳ್ಲಿ."

ಇಂಗ್ಲಿಷ್ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆ. ಮೇವು, ಡಾಕ್ಟರು, ಲಾಳ ಎಲ್ಲ ಫಾರಮಿನದು. ಮರಿ ಹಾಲು ಬಿಟ್ಟ ಮೇಲೆ ತಾಯಿ ವಾಪಸ್. ಅಷ್ಟಕ್ಕೂ ತಲೆ ಆಡಿಸಿದರು. ಗುತ್ತಿಗೆಯ ಅವಧಿಯೊಳಗೆ ಮಾಲೀಕರು ತೀರಿಕೊಂಡರೆ ಕುದುರೆ ಫಾರಮಿಗೇ ಸೇರತಕ್ಕದ್ದು ಎಂಬ ಸಾಲು ಬಂದಾಗ ಕಣ್ಣು ಬಿಟ್ಟರು.

"ಅದನ್ನ ಇನ್ನೊಂದ್ಸಲ ಓದಿ."

ಓದಿದೆ.

"ನಾನು ಸತ್ರೆ ಅವಳೇನು ತಪ್ಪು ಮಾಡಿದ್ಲು?"

ಆಗ ನನಗೆ ಅದೊಂದು ಮುದುಕರ ಮಾತು ಅನಿಸಿತು. ಅವರು ಬಾಗಿಲಿಗೆ ಒರಗಿಕೊಂಡು, ಬೇರೆ ಯಾರದೋ ಕತೆ ಹೇಳುವವರ ಹಾಗೆ ಹೇಳಿದರು. ಹಳೆಯ ಫಾರಮಿನಲ್ಲಿ ವಯಸ್ಸಾಗಿ ಗಬ್ಬ ನಿಲ್ಲದ ಕುದುರೆಗಳನ್ನು ಆಗಾಗ ಲಾರಿಗೆ ಹತ್ತಿಸಿ ಕಳಿಸುತ್ತಿದ್ದರಂತೆ. "ಹಗ್ಗ ಹಿಡಿದು ಹತ್ತಿಸ್ತಿದ್ದೋನು ನಾನೇ. ನನ್ನ ನಂಬಿ ಹತ್ತೋವು. ಎಲ್ಲಿಗೆ ಅಂತ ನಾನು ಒಂದು ದಿನ ಕೇಳ್ಲಿಲ್ಲಮ್ಮ." 

ನನಗೆ ಆ ಇಂಗ್ಲಿಷ್ ಕಾಗದದ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನಾನೇ ಹೊಸದಾಗಿ ಕನ್ನಡದಲ್ಲಿ ಬರೆಯುತ್ತೇನೆ ಎಂದು ಕೂತೆ. ಕುದುರೆಯ ಗುತ್ತಿಗೆಯನ್ನು ನಾನು ಯಾವತ್ತು ಬರೆದಿದ್ದೆ? ಕಂಪ್ಯೂಟರಿನಲ್ಲಿ ಜಮೀನಿನ ಗುತ್ತಿಗೆ ಕರಾರು ಒಂದಿತ್ತು, ಅದನ್ನೇ ತೆರೆದು ಜಮೀನು ಎಂದಿದ್ದಲ್ಲೆಲ್ಲ ಕುದುರೆ ಎಂದು ತಿದ್ದುತ್ತಾ ಹೋದೆ. ಕರೆಂಟು ಹೋಗುವುದರೊಳಗೆ ಮುಗಿಸುವ ಆತುರ ಬೇರೆ. ಕೊನೆಗೆ ಚೆಕ್ಕುಬಂದಿ ಬಂತು. ಜಮೀನಿನ ಪತ್ರವೆಂದ ಮೇಲೆ ಅದರ ನಾಲ್ಕು ದಿಕ್ಕಿಗೆ ಏನಿದೆ ಎಂದು ಬರೆಯಲೇಬೇಕು. ಇಷ್ಟು ವರ್ಷದ ಅಭ್ಯಾಸ, ತಲೆ ಎತ್ತದೆಯೇ ಕೇಳಿದೆ.

"ಪೂರ್ವಕ್ಕೆ?"

"ನೀರಿನ ತೊಟ್ಟಿ."

"ಪಶ್ಚಿಮಕ್ಕೆ?"

"ಹುಣಸೆ ಮರ."

"ದಕ್ಷಿಣಕ್ಕೆ?"

"ಡೇರಿಗೆ ಹೋಗೋ ದಾರಿ."

"ಉತ್ತರಕ್ಕೆ?"

"ನನ್ನ ಮಂಚ."

ಟೈಪ್ ಮಾಡಿದೆ. ಉತ್ತರಕ್ಕೆ: ಕುದುರೆ ಮಾಲೀಕರು ಮಲಗುವ ಮಂಚ. ಸ್ಟಾಂಪ್ ಪೇಪರಿನ ಮೇಲೆ ಪ್ರಿಂಟ್ ಹೊರಗೆ ಬಂದ ಮೇಲೆಯೇ ನಾನು ಏನು ಮಾಡಿದ್ದೇನೆ ಎಂದು ನನಗೆ ಗೊತ್ತಾದದ್ದು.

ಮಾರನೆಯ ದಿನ ಸಹಿ ಹಾಕಲು ಬಂದ ಮ್ಯಾನೇಜರು ಕೊನೆಯ ಪುಟ ಓದಿ ನಕ್ಕ. "ಮೇಡಂ, ಕುದುರೆಗೆ ಚೆಕ್ಕುಬಂದಿನಾ? ಇದೇನು ಓಡಾಡೋ ಸೈಟಾ?" ಎಂದ. ಜೆರಾಕ್ಸ್ ಅಂಗಡಿಯವನೂ ಬಗ್ಗಿ ನೋಡಿ ನಕ್ಕ. ತಾತ ಮಾತ್ರ ನನ್ನ ಮುಖ ನೋಡಿದರು.

"ಅದಿದ್ರೆ ತೊಂದ್ರೆ ಏನಾದ್ರೂ ಐತೇನಮ್ಮ?"

ತಪ್ಪಾಗಿದೆ, ಹೊಡೆದುಹಾಕುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಇಬ್ಬರು ನಗುತ್ತಿದ್ದರು. ನಾನು ಕತ್ತು ನೆಟ್ಟಗೆ ಮಾಡಿಕೊಂಡು ಹೇಳಿದೆ. "ಚೆಕ್ಕುಬಂದಿ ಇಲ್ದೇ ಇರೋ ಪತ್ರ ಪತ್ರಾನೇ ಅಲ್ಲ. ಈ ನಾಲ್ಕು ಗಡಿ ಹಿಂಗೇ ಇರೋ ತನಕ ನಿಮ್ಮ ಕುದುರೇನ ಯಾರೂ ಏನೂ ಮಾಡಕ್ಕಾಗಲ್ಲ. ಗಡಿ ಮಾತ್ರ ಅಲ್ಲಾಡ್ಬಾರ್ದು."

ಅವರು ಹೂಂ ಎಂದರು. ಮ್ಯಾನೇಜರು ಇನ್ನೊಂದು ಸಾಲು ಸೇರಿಸಲು ಹೇಳಿದ, ಸೇರಿಸಿದೆ. ಮಾಲೀಕರು ಇದ್ದರೂ ಇಲ್ಲದಿದ್ದರೂ ಕುದುರೆಯನ್ನು ಈ ಚೆಕ್ಕುಬಂದಿಯೊಳಗೆ ತಂದು ನಿಲ್ಲಿಸತಕ್ಕದ್ದು ಎಂದು ನಾನು ಬರೆದಿದ್ದೆ, ವಾರಸುದಾರರು ಬೇಡವೆಂದು ಬರೆದುಕೊಟ್ಟರೆ ಮಾತ್ರ ಫಾರಮಿಗೆ ಸೇರತಕ್ಕದ್ದು ಎಂಬುದು ಅವನ ಸಾಲು. ತಾತ ಹೆಬ್ಬೆರಳು ಒತ್ತಿ, ಮೂಲ ಪತ್ರ ನನ್ನ ಬೀರುವಿನಲ್ಲೇ ಇರಲಿ ಎಂದರು.

ಅಮ್ಮಣ್ಣಿ ಹೊರಡುವ ದಿನ ನಾನೂ ಕುಂದಾಣಕ್ಕೆ ಹೋಗಿದ್ದೆ. ಯಾಕೆ ಹೋದೆನೋ, ನನಗೆ ಕುದುರೆ ಎಂದರೆ ಭಯ. ಬೆಳಗಿನ ಇಬ್ಬನಿ ಇನ್ನೂ ನೆಲ ಬಿಟ್ಟಿರಲಿಲ್ಲ. ಹುಣಸೆ ಮರದ ಅರ್ಧ ಮಾತ್ರ ಕಾಣುತ್ತಿತ್ತು. ಆ ಬಿಳುಪಿನೊಳಗೆ ಕಂದು ಬಣ್ಣದ ದೊಡ್ಡ ಮೈಯೊಂದು ಸುಮ್ಮನೆ ನಿಂತಿತ್ತು, ಹಣೆಯ ಮೇಲೆ ಒಂದು ರೂಪಾಯಿಯಷ್ಟು ಬಿಳಿ. ತಲೆಯ ಮೇಲೆ ವಿಮಾನವೊಂದು ತೀರಾ ಕೆಳಗೆ ಇಳಿಯುತ್ತಾ ಹೋಯಿತು, ಮೋಡದಲ್ಲಿ ಸದ್ದು ಮಾತ್ರ. ಕುದುರೆ ಒಂದು ಕಿವಿ ತಿರುಗಿಸಿ ಮತ್ತೆ ಸರಿಮಾಡಿಕೊಂಡಿತು. ನಾನು ಎಚ್ಚರವಾಗಿದ್ದೇನೋ ಹಾಸಿಗೆಯಲ್ಲೇ ಇದ್ದೇನೋ ಎಂದು ಒಂದು ಕ್ಷಣ ಅನುಮಾನವಾಯಿತು.

"ಕುದುರೆ ನಿಂತ್ಕೊಂಡೇ ನಿದ್ದೆ ಮಾಡುತ್ತೆ ಅಂತಾರಲ್ಲ, ಅದು ಅರ್ಧ ನಿದ್ದೆ" ಎಂದರು ಅವರು, ಅದರ ಕತ್ತು ಸವರುತ್ತಾ. "ಪೂರ್ತಿ ನಿದ್ದೆಗೆ ಮಲಗ್ಲೇಬೇಕು. ಮಲಗಿದ್ರೆ ಕನಸೂ ಕಾಣ್ತದೆ, ಕಾಲು ಆಡಿಸ್ತದೆ. ಆದ್ರೆ ಎಲ್ಲಂದ್ರೆ ಅಲ್ಲಿ ಮಲಗಲ್ಲ. ಯಾರೋ ಒಬ್ರು ಕಾಯ್ತಾ ಇದಾರೆ ಅಂತ ನಂಬಿಕೆ ಬರ್ಬೇಕು. ಇಲ್ಲಿಗೆ ಬಂದು ಹನ್ನೊಂದು ದಿನ ಇವಳು ಮಲಗ್ಲಿಲ್ಲ. ಹನ್ನೆರಡನೇ ದಿನ ನಾನು ಮಂಚ ಹೊರಗೆ ಹಾಕ್ದೆ. ಅವತ್ತು ಮಲಗಿದ್ಲು."

ಅಮ್ಮಣ್ಣಿಯನ್ನು ಅವರೇ ಲಾರಿಗೆ ಹತ್ತಿಸಿದರು. ಇಳಿದು ಬಂದು ಡ್ರೈವರನ ಕಿಟಕಿಯ ಹತ್ತಿರ ಹೋಗಿ ನಿಂತರು.

"ಎಲ್ಲಿಗಪ್ಪಾ?"

"ಜಡಿಗೇನಹಳ್ಳಿಗೆ ತಾತ. ನಿಮಗೆ ಗೊತ್ತಲ್ವಾ?"

"ಗೊತ್ತು. ಬಾಯಲ್ಲಿ ಹೇಳಿದ್ಯಲ್ಲ, ಸಾಕು."

ಆಮೇಲೆ ಸುಮಾರು ಒಂದು ವರ್ಷ ಅವರು ನನ್ನ ಅಂಗಡಿಗೆ ಬರಲಿಲ್ಲ. ತಿಂಗಳಿಗೊಂದು ಸಲ ಫೋನ್ ಬರುತ್ತಿತ್ತು. "ಪತ್ರ ಬೀರುನಲ್ಲಿ ಐತೇನಮ್ಮ?" ಇದೆ ಎನ್ನುತ್ತಿದ್ದೆ. "ಇಲ್ಲಿ ಗಡಿ ಎಲ್ಲ ಸರಿಯಾಗೈತೆ" ಎಂದು ಇಟ್ಟುಬಿಡುತ್ತಿದ್ದರು. ಪಾಪ, ಕುದುರೆಯ ಧ್ಯಾನ ಎಂದು ನಗುತ್ತಿದ್ದೆ.

ಬಂದದ್ದು ಒಂದೇ ಸಲ, ಯುಗಾದಿ ಕಳೆದ ವಾರ, ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. ಅಮ್ಮಣ್ಣಿ ಈದಿದ್ದಳು. ಹೆಣ್ಣು ಮರಿ, ತಾಯಿಯ ಹಾಗೇ ಹಣೆಯಲ್ಲಿ ಬಿಳಿ. ಅಂದು ಬೆಳಗ್ಗೆ ಜಡಿಗೇನಹಳ್ಳಿಗೆ ಹೋಗಿ ಕಣ್ಣಾರೆ ನೋಡಿಕೊಂಡು ಬಂದಿದ್ದರು. "ಕರೆದ್ಲಮ್ಮ, ಅದೇ ಸದ್ದು. ಈ ಸಲ ಮರಿ ತಿರುಗಿ ನೋಡ್ತು" ಎಂದರು. ಅವರ ಕಣ್ಣು ಪೂರ್ತಿ ಬಿಟ್ಟುಕೊಂಡಿದ್ದನ್ನು ನಾನು ಅಷ್ಟು ಹೊತ್ತು ನೋಡಿದ್ದು ಆವತ್ತೇ. ಕೂತ್ಕೊಳ್ಳಿ, ಕಾಫಿ ತರಿಸ್ತೀನಿ ಎಂದೆ. ಬೇಡವೆಂದರು.

"ಮಂಚದ ಮೇಲೆ ಟವೆಲ್ ಹಾಕಿ ಬಂದಿದೀನಿ. ಬೇಗ ಹೋಗ್ಬೇಕು."

ಬಸ್ಸಿನ ಸೀಟಿಗೆ ಟವೆಲ್ ಹಾಕುವುದನ್ನು ಕಂಡಿದ್ದೆ. ಮನೆಯ ಮಂಚಕ್ಕೆ ಯಾಕೆ ಟವೆಲ್ ಎಂದು ಆಗಲಾದರೂ ನಾನು ಕೇಳಬೇಕಿತ್ತು. ಮೈಸೂರು ಪಾಕ್ ಬಾಯಲ್ಲಿಟ್ಟುಕೊಂಡು ನಕ್ಕುಬಿಟ್ಟೆ.

ದೀಪಾವಳಿಗೆ ಇನ್ನೇನು ವಾರವಿದೆ ಎನ್ನುವಾಗ ಮ್ಯಾನೇಜರು ಬಂದ. ಜೊತೆಯಲ್ಲಿ ನಲವತ್ತರ ಆಸುಪಾಸಿನ ಹೆಂಗಸು, ಕತ್ತಿನಲ್ಲಿ ಟೇಪು ಹಾಗೇ ನೇತಾಡುತ್ತಿತ್ತು. ತಾತನ ಮಗಳು. ಶ್ರಾವಣದಲ್ಲಿ ಅಪ್ಪ ಹೋದರು ಎಂದು ಆಕೆಯ ಬಾಯಿಂದಲೇ ಕೇಳಿದೆ. ಮೂರು ತಿಂಗಳಿಂದ ಫೋನ್ ಬಂದಿರಲಿಲ್ಲ, ನಾನೂ ಮಾಡಿರಲಿಲ್ಲ.

"ಮರಿ ಹಾಲು ಬಿಟ್ಟಿದೆ ಮೇಡಂ" ಎಂದ ಮ್ಯಾನೇಜರು. "ಇವರಿಗೆ ಕುದುರೆ ಬೇಡವಂತೆ. ಬೇಡ ಅಂತ ಒಂದು ಪತ್ರ ಮಾಡಿಕೊಡಿ."

"ನೀವಾದ್ರೂ ಇಟ್ಕೊಳ್ತೀರಾ?"

"ನಮಗೂ ವಯಸ್ಸಾದ ಕುದುರೆ ಬೇಡ. ಯಾರೋ ಕೇಳ್ತಿದಾರೆ, ಕಳಿಸಿಬಿಡ್ತೀವಿ."

"ಎಲ್ಲಿಗೆ?"

ಅವನು ಫೋನ್ ನೋಡಿಕೊಂಡ. ಕೆಟ್ಟವನೇನಲ್ಲ, ಅವನಿಗೂ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಗಳು ಮಾತ್ರ ಖಾರವಾಗಿ ಹೇಳಿದಳು. "ಎಲ್ಲಿಗಾದ್ರೂ ಹೋಗ್ಲಿ. ನಮ್ಮಪ್ಪನಿಗೆ ಮೊದಲಿಂದ್ಲೂ ಮಗಳಿಗಿಂತ ಕುದುರೇನೇ ಹೆಚ್ಚು. ಬರೀರಿ ಮೇಡಂ."

ಬರೆಯುವುದು ನನ್ನ ಕೆಲಸ, ಬೇಡವೆನ್ನುವ ಹಕ್ಕು ಅವಳದು. ಆದರೂ ಸ್ಥಳ ನೋಡಿ ಚೆಕ್ಕುಬಂದಿ ತಾಳೆ ಮಾಡದೆ ಇಂಥ ಪತ್ರ ಬರೆಯುವ ಹಾಗಿಲ್ಲ ಎಂದೆ. ಅಂಥ ಕಾನೂನು ಯಾವುದೂ ಇಲ್ಲ. ಒಮ್ಮೆ ಸುಳ್ಳು ಹೇಳಿದ ಬಾಯಿ, ಇನ್ನೊಮ್ಮೆ ಹೇಳಿತು.

ಮಾರನೆಯ ಬೆಳಗ್ಗೆ ಮಗಳನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕುಂದಾಣಕ್ಕೆ ಹೊರಟೆ. ಎರಡೂ ಕಡೆ ರಾಗಿ ತೆನೆ ಬಿಟ್ಟು ಬಾಗಿತ್ತು. ದಾರಿಯಲ್ಲಿ ಅವಳೇ ಮಾತು ತೆಗೆದಳು.

"ಆಷಾಢದಲ್ಲಿ ಜ್ವರ ಬಂತು ಮೇಡಂ. ಬಾರಪ್ಪಾ, ಮನೇಲಿ ಬೆಚ್ಚಗಿರು ಅಂತ ಎಷ್ಟು ಸಲ ಕರೆದೆ. ಬರ್ಲಿಲ್ಲ. ಮಳೇಲೂ ಹೊರಗೇ, ಆ ಮಂಚದ ಮೇಲೆ, ಮೇಲೊಂದು ಪ್ಲಾಸ್ಟಿಕ್ ಕಟ್ಕೊಂಡು. ಮಂಚಾನೇ ತಗೊಂಡು ಹೋಗ್ತೀನಿ ಅಂದ್ರೆ ಅದನ್ನ ಗಟ್ಟಿಯಾಗಿ ಹಿಡ್ಕೊಂಡ್ರು. ಉತ್ತರ ಬಿಟ್ಟು ಹೆಂಗಮ್ಮ ಬರ್ಲಿ ಅಂತಿದ್ರು. ತಲೆ ಕೆಟ್ಟಿದೆ ಅಂದ್ಕೊಂಡೆ. ನನ್ನ ಮನೆಗೆ ಬರೋದು ಇಷ್ಟ ಇಲ್ಲ, ಅದಕ್ಕೆ ಏನೋ ಒಂದು ಹೇಳ್ತಾರೆ ಅಂದ್ಕೊಂಡೆ."

ನಾನು ಸ್ಕೂಟರ್ ನಿಲ್ಲಿಸಿದೆ.  ಏನಾಯ್ತು ಮೇಡಂ ಎಂದಳು. ಪೆಟ್ರೋಲ್ ಎಂದೇನೋ ಗೊಣಗಿ ಮತ್ತೆ ಹೊರಟೆ. ಗಡಿ ಅಲ್ಲಾಡಬಾರದು ಎಂದು ನಾನು ಹೇಳಿದ್ದೆ. ಉತ್ತರದ ಗಡಿ ಅವರೇ ಆಗಿದ್ದರು. ನನ್ನ ಒಣ ಜಂಬ ಒಬ್ಬ ಜ್ವರದ ಮನುಷ್ಯನನ್ನು ಮಳೆಯಲ್ಲಿ ಮಂಚಕ್ಕೆ ಕಟ್ಟಿಹಾಕಿತ್ತು.

ಕುಂದಾಣದಲ್ಲಿ ಎಲ್ಲವೂ ಪತ್ರದಲ್ಲಿದ್ದ ಹಾಗೇ ಇತ್ತು. ತೊಟ್ಟಿ, ಹುಣಸೆ ಮರ, ದಾರಿ. ಮಂಚದ ನಾಲ್ಕು ಕಾಲುಗಳ ಸುತ್ತ ಸರಿದುಹೋಗದಂತೆ ಕಲ್ಲು ಜೋಡಿಸಿದ್ದರು. ಮಂಚದ ಮೇಲೆ ಮಾಸಿದ ಟವೆಲೊಂದು ಹರಡಿಕೊಂಡಿತ್ತು. ನಾನು ಚೀಲದಿಂದ ಪತ್ರ ತೆಗೆದು, ನಾಲ್ಕು ದಿಕ್ಕನ್ನೂ ಓದಿ, ಆವತ್ತು ಏನಾಯಿತೆಂದು ಒಂದೂ ಬಿಡದೆ ಹೇಳಿದೆ. ತಪ್ಪಿನಿಂದ ಬಂದ ಸಾಲು ಅದು, ಮುಚ್ಚಿಕೊಳ್ಳಲು ಸುಳ್ಳು ಹೇಳಿದೆ ಎಂದೆ. ಹೇಳುವಾಗ ಅತ್ತೆ. ನಾನು ಅಳುವವಳಲ್ಲ.

ಅವಳು ಬಗ್ಗಿ ಮಂಚದ ಕಾಲಿನ ಸುತ್ತಲ ಕಲ್ಲೊಂದನ್ನು ಮುಟ್ಟಿ ನೋಡಿದಳು.

"ನೀವು ಬರೆದ್ರಿ, ಅವರು ನಂಬಿದ್ರು."

"ಹೂಂ."

"ನನ್ನ ಮೇಲೆ ಕೋಪ ಇರ್ಲಿಲ್ಲ ಹಾಗಾದ್ರೆ."

"ಇಲ್ಲ ಕಣಮ್ಮ."

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ, ನಾನೂ ನಿರೀಕ್ಷಿಸಲಿಲ್ಲ. ತೊಟ್ಟಿಯ ಹತ್ತಿರ ಹೋಗಿ, ಒಳಗೆ ಬಿದ್ದಿದ್ದ ಹುಣಸೆ ಎಲೆಯನ್ನು ಬೊಗಸೆ ಬೊಗಸೆಯಾಗಿ ತೆಗೆದು ಹಾಕತೊಡಗಿದಳು. ಆಮೇಲೆ ತೆಂಗಿನ ನಾರು ಹುಡುಕಿಕೊಂಡು ಬಂದು ಉಜ್ಜಿದಳು. ಉಜ್ಜುತ್ತಲೇ ಹೇಳಿದಳು. "ಯಾವತ್ತು ತರ್ತಾರೆ ಅಂತ ಕೇಳಿ ಮೇಡಂ. ಹೊಲಿಗೆ ಮಿಷನ್ ಎಲ್ಲಿಟ್ರೂ ಓಡುತ್ತೆ."

ಬಲಿಪಾಡ್ಯಮಿ ಕಳೆದು ಮೂರನೆಯ ದಿನ ಲಾರಿ ಬಂತು. ಅದೇ ತರಹದ ಇಬ್ಬನಿ. ಹಲಗೆಯ ಮೇಲೆ ಗೊರಸಿನ ಸದ್ದು ಮೊದಲು ಕೇಳಿಸಿತು, ಆಮೇಲೆ ಅಮ್ಮಣ್ಣಿ ಕಾಣಿಸಿದಳು. ಮೈ ಸ್ವಲ್ಪ ಇಳಿದಿತ್ತು. ಮಗಳು ಫಾರಮಿನ ಕ್ವಾರ್ಟರ್ಸಿನಲ್ಲೇ ಬೆಳೆದವಳು, ಆದರೂ ಇಪ್ಪತ್ತು ವರ್ಷದಿಂದ ಕುದುರೆ ಮುಟ್ಟಿರಲಿಲ್ಲವಂತೆ. ಹಗ್ಗ ಬಿಚ್ಚಲು ಹಿಂದಿನಿಂದ ಹೋಗಬೇಕಾಯಿತು. ನಾಲ್ಕು ಹೆಜ್ಜೆ ದೂರದಲ್ಲೇ ನಿಂತು ಮೆಲ್ಲಗೆ ಹೇಳಿದಳು.

"ಹಿಂದೆ ಇದೀನಿ ಕಣೆ, ಅಮ್ಮಣ್ಣಿ."

 ಅದು ಅವರದೇ ದನಿ.

ಅಮ್ಮಣ್ಣಿ ತೊಟ್ಟಿಯ ನೀರು ಮೂಸಿದಳು, ಕುಡಿಯಲಿಲ್ಲ. ಮಂಚದ ಹತ್ತಿರ ಹೋಗಿ ಟವೆಲ್ ಮೂಸಿದಳು. ಮೂಗಿನಲ್ಲೇ ಸಣ್ಣಗೆ ಸದ್ದು ಮಾಡಿದಳು. ಮರಿಯನ್ನು ಕರೆದಳೋ ಅವರನ್ನು ಕರೆದಳೋ ನನಗೆ ಗೊತ್ತಿಲ್ಲ. ಕಾದಳು. ಮಗಳು ನಿಧಾನವಾಗಿ ಬಂದು, ಟವೆಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಮಂಚದ ಮೇಲೆ ಕೂತಳು.

ಕುದುರೆ ತಲುಪಿತು ಎಂದು ಬರೆದುಕೊಡಬೇಕಿತ್ತು. ನಾನು ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಚೆಕ್ಕುಬಂದಿ ಬರೆಯತೊಡಗಿದೆ. ಮೂರು ದಿಕ್ಕು ಹಾಗೇ ಇತ್ತು.

"ಉತ್ತರಕ್ಕೆ ಏನಂತ ಬರೀಲಿ?"

"ನಾನಿದೀನಿ ಅಂತ ಬರೀರಿ."

ಬರೆದೆ. ಮ್ಯಾನೇಜರು ಪೆನ್ನು ಹಿಡಿದುಕೊಂಡು ಅವಳ ಸಹಿಗೆ ಹೋದ. ಅಷ್ಟರಲ್ಲಿ ಅಮ್ಮಣ್ಣಿ ಮುಂಗಾಲು ಮಡಿಸಿದಳು. ಆಮೇಲೆ ಹಿಂಗಾಲು. ಇಡೀ ಮೈಯನ್ನು ನೆಲಕ್ಕೆ ಬಿಟ್ಟು, ಒಂದು ದೊಡ್ಡ ಉಸಿರು ತೆಗೆದು, ಕತ್ತನ್ನು ಮಣ್ಣಿನ ಮೇಲೆ ಚಾಚಿದಳು.

"ಹೊಟ್ಟೆನೋವೇನಾದ್ರೂ ಬಂತಾ?" ಎಂದ ಮ್ಯಾನೇಜರು, ಗಾಬರಿಯಿಂದ. "ನಮ್ಮಲ್ಲಿ ಒಂದು ದಿನವೂ ಮಲಗಿದ್ದು ನೋಡಿಲ್ಲ."

"ನಿದ್ದೆ ಮಾಡ್ತಿದಾಳೆ" ಎಂದಳು ಮಗಳು. "ಪೆನ್ನು ಆಚೆ ಇಡಿ. ಅವಳು ಎದ್ದ ಮೇಲೆ ಸಹಿ ಹಾಕ್ತೀನಿ. ಈಗ ನಾನು ಅಲ್ಲಾಡೋ ಹಾಗಿಲ್ಲ."

ಇಬ್ಬನಿ ಕರಗುತ್ತಾ ಬಂತು. ವಿಮಾನವೊಂದು ಹೋಯಿತು. ಅಮ್ಮಣ್ಣಿಯ ಮುಂಗಾಲು ಎರಡು ಸಲ ಅಲುಗಿತು, ಎಲ್ಲೋ ಓಡುತ್ತಿದ್ದಳು. ಡ್ರೈವರ್ ಇಂಜಿನ್ ಆಫ್ ಮಾಡಿದ. ನಾನು ಡೇರಿಯ ದಾರಿಯ ಪಕ್ಕ ಕಲ್ಲೊಂದರ ಮೇಲೆ ಕೂತೆ. ಆವತ್ತು ನನ್ನ ಅಂಗಡಿಯ ಬಾಗಿಲು ತೆಗೆದದ್ದು ಮಧ್ಯಾಹ್ನದ ಮೇಲೆ.